ಅಜ್ಜನ ಕಿವಿಗೊಂದು ಅಚ್ಚು

“ಮೊಮ್ಮಗಳ ನಾಮಕರಣದೊಳಗೆ ನನ್ನ ಈ ಕಿವಿಗಳನ್ನ ತಲೆಗೆ ಒರಗಿಸದಿದ್ರೆ, ನಾನು ಪೀಣ್ಯದ ಕಾರ್ಖಾನೇಲಿ ಅಚ್ಚು ಕೊರೆದೋನೇ ಅಲ್ಲ!” ಎಂದು ಲಗ್ಗೆರೆಯ ನಿಂಗಪ್ಪನವರು ಗುಡುಗಿದರು.

ಅವರ ಕಿವಿಗಳೇನು ಸಾಮಾನ್ಯವೇ! ಎದುರುಗಾಳಿಯಿದ್ದರೆ ಅವರ ಸ್ಕೂಟರಿಗೆ ಬ್ರೇಕೇ ಬೇಡ. ಹೆಲ್ಮೆಟ್ಟಿನೊಳಗೆ ಒಂದು ಕಿವಿಯನ್ನು ತುರುಕಿದರೆ ಇನ್ನೊಂದು ಹೊರಗೆ ಬರುತ್ತಿತ್ತು.

ಮಗಳು ರಕ್ಷಿತಾಗೆ ಹುಟ್ಟಿದ ಹೆಣ್ಣುಮಗುವಿನ ಒಂದು ಕಿವಿ ಮಸಾಲೆದೋಸೆಯಂತೆ ಮಡಚಿಕೊಂಡಿತ್ತು. ಜಾಲಹಳ್ಳಿಯ ಬೀಗಿತಿ ಮಗುವನ್ನು ನೋಡಿ, ನಿಂಗಪ್ಪನವರ ತಲೆಯನ್ನೂ ನೋಡಿ, “ನಮ್ಮ ಕಡೆ ಯಾರಿಗೂ ಇಂಥ ಕಿವಿ ಇಲ್ಲಪ್ಪ” ಅಂದುಬಿಟ್ಟರು. ರಕ್ಷಿತಾಳ ಕಣ್ಣು ತುಂಬಿತು.

“ಆಪರೇಷನ್ ಏನೂ ಬೇಡಮ್ಮ” ಎಂದು ಡಾಕ್ಟರು ನಕ್ಕರು. “ಹಸುಗೂಸಿನ ಕಿವಿ ಮೇಣದ ಹಾಗಿರುತ್ತೆ. ಮೆತ್ತನೆ ಅಚ್ಚು ಕೂರಿಸಿದ್ರೆ ಕೆಲವೇ ವಾರದಲ್ಲಿ ಸರಿಹೋಗುತ್ತೆ.”

ಅಚ್ಚು! ಮುಂದಿನದೇನೂ ನಿಂಗಪ್ಪನವರ ಆ ಮಹಾಕಿವಿಗಳೊಳಗೆ ಇಳಿಯಲಿಲ್ಲ. ನೇರ ತಮ್ಮ ಶೆಡ್ಡಿಗೆ ಹೋಗಿ, ರಬ್ಬರು ಕತ್ತರಿಸಿ, ಕಾರ್ಖಾನೆಯ ಗಟ್ಟಿ ಗೋಂದು ಬಳಿದು, ತಮ್ಮ ಎರಡೂ ಕಿವಿಗಳನ್ನು ತಲೆಗೆ ಮೆತ್ತಿಯೇ ಬಿಟ್ಟರು! ಸಂಜೆಗೆ ನವೆ ಶುರುವಾಯಿತು. ಎಳೆದರೆ ರಬ್ಬರು ಬರಲಿಲ್ಲ, ಹುಬ್ಬು ಮೇಲಕ್ಕೆ ಬಂತು.

“ಇದೇನ್ರೀ ಅವತಾರ?” ಎಂದು ಹೆಂಡತಿ ಅನುಸೂಯಮ್ಮ ಎದೆ ಹಿಡಿದುಕೊಂಡರು.

“ಡಾಕ್ಟ್ರೇ ಹೇಳಿದ್ರಲ್ಲೇ, ಕಿವಿ ಮೇಣ ಅಂತ!”

“ಅದು ಮಗೂದು ಕಣ್ರೀ! ನಿಮ್ಮದು ಒಣಕೊಬ್ಬರಿ!”

ಬಾಣಂತಿಗೆಂದು ಇಟ್ಟಿದ್ದ ಎಣ್ಣೆಯನ್ನೆಲ್ಲ ಸುರಿದು ತಿಕ್ಕಿದಾಗ ರಬ್ಬರು ಬಿಟ್ಟಿತು. ಜೊತೆಗೆ ಸುತ್ತಲಿನ ಕೂದಲೂ ಬಿಟ್ಟಿತು! ಬಯಲಾದ ತಲೆಯ ಆಚೀಚೆ ಆ ಕಿವಿಗಳು ಈಗ ಮೆಟ್ರೋದಲ್ಲಿ ಹೋಗುವವರಿಗೂ ಕಾಣಿಸತೊಡಗಿದವು.

ನಾಮಕರಣದ ದಿನ ನಿಂಗಪ್ಪನವರು ಕಿವಿ ಮುಚ್ಚುವಂತೆ ಪೇಟ ಸುತ್ತಿ ಕುಳಿತರು. ಡಾಕ್ಟರು ಮಗುವಿಗೆ ಕೂರಿಸಿದ್ದ ಅಚ್ಚನ್ನು ಆಗಲೇ ತೆಗೆದಾಗಿತ್ತು; ಕಿವಿ ಎಳೆಯ ವೀಳ್ಯದೆಲೆಯಂತೆ ಅರಳಿತ್ತು. ರಕ್ಷಿತಾಳ ಮುಖವೂ ಹಾಗೆಯೇ.

“ಥೇಟ್ ನಮ್ಮಮ್ಮನ ಕಿವಿ!” ಎಂದರು ಬೀಗಿತಿ, ನಾಚಿಕೆಯಿಲ್ಲದೆ.

ಅಷ್ಟರಲ್ಲಿ ಮಗು ಚಾವಣಿ ಹಾರುವಂತೆ ಚೀರತೊಡಗಿತು. ಬೀಗಿತಿ ಎತ್ತಿಕೊಂಡರೂ ನಿಲ್ಲಲಿಲ್ಲ, ಅನುಸೂಯಮ್ಮ ಜೋಗುಳ ಹಾಡಿದರೆ ಇನ್ನೂ ಜೋರಾಯಿತು. ಹೆಸರು ಉಸುರಲು ನಿಂಗಪ್ಪನವರು ಬಗ್ಗಿದಾಗ ಪೇಟ ಜಾರಿ ಬಿತ್ತು. ಮಗುವಿನ ಕೈಗೆ ಅಜ್ಜನ ಕಿವಿ ಸಿಕ್ಕಿತು. ಅಳು ತಟ್ಟನೆ ನಿಂತಿತು! ಬಿಡಿಸಿದರೆ ಮತ್ತೆ ಚೀರಾಟ, ಕೊಟ್ಟರೆ ಶಾಂತಿ.

ಬಗ್ಗಿದ ಬೆನ್ನಿನಲ್ಲೇ ನಿಂಗಪ್ಪನವರು ಬೀಗಿದರು. “ನೋಡ್ದೇನೇ? ಕಿವಿ ಅಂದ್ರೆ ಹೀಗಿರಬೇಕು!”

“ಹೂಂ ಕಣ್ರೀ” ಎಂದ ಅನುಸೂಯಮ್ಮ, ಮೊಮ್ಮಗಳ ಕೆನ್ನೆ ಸವರಿದರು. “ಚೆನ್ನಾಗಿ ಹಿಂಡು ಕಂದಾ. ನಾನು ಮದುವೆಯಾದಾಗಲೇ ಮಾಡ್ಬೇಕಿದ್ದ ಕೆಲಸ ಅದು!”