ಸಿಮೆಂಟ್ ಚೀಲದ ಟೊಮೆಟೊ

ಕೈಗೆ ಮಣ್ಣು ಹತ್ತದಂತೆ ಸಂಬಳ ತಿಂದವರಿಗೆ ಮಣ್ಣಿನ ಮೇಲೆ ಭಾಷಣ ಮಾಡುವುದು ಬಹಳ ಸುಲಭ. ನಾನೂ ಮಾಡಿದ್ದೇನೆ. ಪ್ರತ್ಯೇಕ ತೆಲಂಗಾಣ ಹೋರಾಟದ ಮುಷ್ಕರಕ್ಕೆ, ಕರ್ನಾಟಕದ ಗಡಿಗೆ ಅಂಟಿದ ತಾಂಡೂರಿನ ನಮ್ಮ ಕಚೇರಿಗೂ ಬೀಗ ಬಿದ್ದಿತ್ತು. ಗುಮಾಸ್ತನಾದ ನಾನು ಬೆಳಿಗ್ಗೆ ಧರಣಿಯ ಟೆಂಟಿನಲ್ಲಿ ಕುಳಿತು 'ಈ ಮಣ್ಣು ನಮ್ಮದು' ಎಂದು ತೆಲುಗಿನಲ್ಲಿ ಕೂಗುತ್ತಿದ್ದೆ. ಮಧ್ಯಾಹ್ನ ಮನೆಗೆ ಬಂದು ಕನ್ನಡದಲ್ಲಿ ಊಟ ಕೇಳುತ್ತಿದ್ದೆ. ಆಮೇಲೆ ಕೆಲಸವಿಲ್ಲದೆ ಅಡಿಗೆಮನೆಯಲ್ಲಿ ಸಲಹೆ ಕೊಡುತ್ತ ನಿಂತಾಗ ಹೆಂಡತಿ ಮಹಾದೇವಿ, "ನಮ್ಮ ಮಣ್ಣು ಅಂತ ಒದರತೀರಲ್ಲ, ಅದರಾಗ ನಾಕ ಟೊಮೆಟೊ ಬೆಳದ ತೋರಸ್ರಿ. ಬಂದ್ ಇದ್ದ ದಿನ ಸಾರಿಗರ ಆಗ್ತಾವ" ಎಂದಳು.

ಮಾತು ನಾಟಿತು. ನಾಲ್ಕು ಖಾಲಿ ಸಿಮೆಂಟ್ ಚೀಲ ಹುಡುಕಿದೆ. ಬಶೀರಾಬಾದಿನ ಭಾವಮೈದುನನ ಹೊಲದಿಂದ ಕರಿಮಣ್ಣು ತರಿಸಿ, ಕಪಾಟಿನಲ್ಲಿ ಫೈಲು ತುರುಕುವ ಹಾಗೆ ಒತ್ತಿ ತುಂಬಿ ಸಸಿ ನೆಟ್ಟೆ. ಬಿಡುವು ಬೇಕಾದಷ್ಟಿತ್ತು, ದಿನಕ್ಕೆ ಮೂರು ಸಲ ನೀರು ಹಾಕಿದೆ. ಎರಡು ವಾರದಲ್ಲಿ ಎಲೆಗಳು ಅರಿಶಿಣ ಬಳಿದುಕೊಂಡವು.

ಪಕ್ಕದ ಮನೆಯ ವೆಂಕಟರತ್ನಂ ಮಾಸ್ತರರನ್ನು ಕೇಳಬಹುದಿತ್ತು. ಆಂಧ್ರದ ಗುಂಟೂರಿನ ಕಡೆಯಿಂದ ಬಂದು ಇಲ್ಲೇ ಗಣಿತ ಕಲಿಸಿ ನಿವೃತ್ತರಾದವರು. ನಮ್ಮ ಕನ್ನಡವನ್ನೂ ಕಲಿತವರು. ಅವರ ಅಂಗಳದ ಚೀಲಗಳಲ್ಲಿ ಟೊಮೆಟೊ ಜೋತಾಡುತ್ತಿದ್ದವು. ಆದರೆ ಸಸಿ ನೆಟ್ಟ ಮರುದಿನವೇ ಟೆಂಟಿನಲ್ಲಿ 'ಆಂಧ್ರದವರು ವಾಪಸ್ ಹೋಗಲಿ' ಎಂಬ ಕೂಗು ಎದ್ದಿತ್ತು. ಎಲ್ಲರ ಜೊತೆ ನಾನೂ ಕೈ ಎತ್ತಿ ಕೂಗಿದೆ. ಎದುರಿಗೆ, ಕೊತ್ತಂಬರಿ ಕಟ್ಟು ಹಿಡಿದುಕೊಂಡು ಮಾಸ್ತರರು ನಿಂತಿದ್ದರು. ಎತ್ತಿದ ಕೈಯನ್ನು ತಲೆ ಕೆರೆದುಕೊಳ್ಳಲು ಬಳಸಿ ಇಳಿಸಿದೆ. ಅಂದಿನಿಂದ ಹಿತ್ತಲ ಬಾಗಿಲಿನಿಂದಲೇ ನನ್ನ ಓಡಾಟ.

ಒಂದು ಸಂಜೆ ಗೋಡೆಯಾಚೆಯಿಂದ ಅವರೇ ಕೇಳಿದರು: "ಚೀಲದ ತಳಕ್ಕ ತೂತ ಹಾಕೀರೇನ್ರಿ?"

ಹಾಕಿರಲಿಲ್ಲ. ಅವರು ಬಂದು ದಬ್ಬಳದಿಂದ ಚುಚ್ಚಿದ ಕೂಡಲೇ ಕೊಳೆತ ನೀರು ನನ್ನ ಪಾದದ ಮೇಲೆ ಹರಿಯಿತು. ಇಬ್ಬರೂ ಕುಕ್ಕರಗಾಲಲ್ಲಿ ಕುಳಿತು ಸಸಿ ಬಿಡಿಸಿ, ಅರ್ಧ ಮಣ್ಣು ತೆಗೆದು, ಉಸುಕು ಮತ್ತು ಹಳೆಯ ಸಗಣಿಗೊಬ್ಬರ ಬೆರೆಸಿದೆವು.

"ಕರಿಮಣ್ಣು ಹೊಲದಾಗ ಬಂಗಾರರಿ. ಚೀಲದಾಗ ಒತ್ತಿ ತುಂಬಿದ್ರ ಬೇರಿಗೆ ಉಸಿರ ಆಡಂಗಿಲ್ಲ," ಎಂದರು. ಕೈಯ ಮಣ್ಣು ಕೊಡವುತ್ತ, "ನಾಳೆ ಟೆಂಟಿಗೆ ಹೋಗ್ತೀರೇನ್ರಿ?"

"ಹೋಗಬೇಕ್ರಿ ಸರ್."

"ಹೋಗ್ರಿ. ಎರಡ ದಿನ ನೀರ ಮಾತ್ರ ಹಾಕಬ್ಯಾಡ್ರಿ."

ರಾಜ್ಯ ಬೇಕೆಂಬ ನನ್ನ ಆಸೆ ಸುಳ್ಳಾಗಿರಲಿಲ್ಲ, ಈಗಲೂ ಅಲ್ಲ. ಆದರೆ ಮರುದಿನ 'ವಾಪಸ್ ಹೋಗಲಿ' ಎಂಬ ಆ ಒಂದು ಘೋಷಣೆ ಬಂದಾಗ ಚಹಾ ಕುಡಿಯಲು ಎದ್ದುಹೋದೆ. 'ನಾನು ಕೂಗಲಾರೆ' ಎಂದು ಹೇಳುವ ಧೈರ್ಯವಿರಲಿಲ್ಲ. ದಿನಾ ಎದ್ದುಹೋಗಿ, ಹೋರಾಟದಲ್ಲಿ ಅತಿ ಹೆಚ್ಚು ಚಹಾ ಕುಡಿದವನೆಂಬ ಹೆಸರು ಪಡೆದೆ.

ಎರಡು ಗಿಡ ಸತ್ತವು, ಎರಡು ಕಾಯಿ ಹಿಡಿದವು. ಮೊದಲ ಹಣ್ಣುಗಳನ್ನು ತಟ್ಟೆಯಲ್ಲಿಟ್ಟು ಮಹಾದೇವಿ, "ಹೋಗಿ ಕೊಟ್ಟು, ತಪ್ಪಾತು ಅಂತ ಹೇಳಿ ಬರ್ರಿ" ಎಂದು ನೂಕಿದಳು. ದಾರಿಯಲ್ಲಿ ಮಾತು ಜೋಡಿಸಿಕೊಂಡೆ. ಮಾಸ್ತರರು ತಟ್ಟೆ ತೆಗೆದುಕೊಂಡು ಒಂದು ಹಣ್ಣನ್ನು ಮೂಸಿದರು. ನಾನು ನಿಂತೇ ಇದ್ದೆ.

"ಇನ್ನೇನರ ಹೇಳಾಕ ಬಂದಿದ್ರೇನ್ರಿ?" ಎಂದರು ಮೆಲ್ಲಗೆ.

"ಉಪ್ಪು ಹಚ್ಚಿಕೊಂಡು ತಿನ್ರಿ ಸರ್, ಛಲೋ ಇರ್ತಾವ," ಎಂದೆ.

ಮನೆಗೆ ಬಂದಾಗ ಮಹಾದೇವಿ ಬಾಗಿಲಲ್ಲೇ ಕೇಳಿದಳು: "ಹೇಳಿದ್ರೇನು?"

"ಹೇಳಿದೆ."

"ಏನಂದ್ರು?"

"ಉಪ್ಪು ಬ್ಯಾಡ, ಹಂಗ ತಿಂತೀನಿ ಅಂದ್ರು."