ಡೀಮೆನ್ನಿನ ಪುಟ್ಟಿ, ರಾಟರ್‌ಡ್ಯಾಮಿನ ಮೀಸೆ

ನಾನು ಸುಮ್ಮನೆ ಕೂತಿದ್ದರೂ ಸರಿ, ಏನಾದರೊಂದು ಎಡವಟ್ಟು ತಾನಾಗಿಯೇ ವಿಳಾಸ ಹುಡುಕಿಕೊಂಡು ಬಂದು ರಾಟರ್‌ಡ್ಯಾಮಿನ ನಮ್ಮ ಮನೆ ಬಾಗಿಲು ತಟ್ಟುತ್ತದೆ. ಬಂದರಿನಲ್ಲಿ ಕ್ರೇನುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ನಾನೊಮ್ಮೆ ಮೀಸೆ ತಿರುವಿದರೆ ಸಾಕು, ಕಂಟೇನರುಗಳು ತಾವಾಗಿಯೇ ಹಡಗು ಹತ್ತುತ್ತವೆ ಎಂದು ಬಂದರಿನಲ್ಲೆಲ್ಲ ಮಾತಿದೆ. ಆ ಮಾತು ಹಬ್ಬಿಸಿದವನು ನಾನೇ ಅನ್ನೋದು ಬೇರೆ ವಿಷಯ.

ಇಂಥ ನಾನಿರುವಾಗ, ಇದೇ ದೇಶದ ಡೀಮೆನ್ ಎಂಬ ಊರಿನಲ್ಲಿರುವ ನನ್ನ ತಂಗಿ ಮತ್ತು ಅವಳ ಗಂಡ, ಕರ್ನಾಟಕದಿಂದ ಒಂದು ಮಗುವನ್ನು ದತ್ತು ತರುವುದೆಂದು ತೀರ್ಮಾನಿಸಿದರು. ಬಹಳ ಕಾಲ ಕಾದು, ಅತ್ತು, ಕೊನೆಗೆ ನಗುನಗುತ್ತಾ ಮಾಡಿದ ತೀರ್ಮಾನ ಅದು. ತಂಗಿ ನನಗೆ ಫೋನ್ ಮಾಡಿ, "ಅಣ್ಣಾ, ಇದೊಂದು ವಿಷಯದಲ್ಲಿ ದಯವಿಟ್ಟು ನೀನು ಸಹಾಯ ಮಾಡಬೇಡ" ಅಂದಳು. ಸಂಕೋಚದ ಹುಡುಗಿ, ಬಾಯಿಬಿಟ್ಟು ಕೇಳುವುದಿಲ್ಲ. ನಾನೇ ಅರ್ಥ ಮಾಡಿಕೊಂಡು ಮುಂದಿನ ಟ್ರೇನ್ ಹತ್ತಿದೆ.

ಕೇಸರಿಬಾತ್ ಪರೀಕ್ಷೆ

ಮಗು ಕೊಡುವ ಮುಂಚೆ ಮನೆ ಹೇಗಿದೆ, ಗಂಡ ಹೆಂಡತಿ ಹೇಗಿದ್ದಾರೆ ಎಂದು ನೋಡಿಕೊಂಡು ಹೋಗಲು ಒಬ್ಬ ಡಚ್ ಅಧಿಕಾರಿಣಿ ಬರುವವರಿದ್ದರು. ತಂಗಿ ಈ ಊರಿನ ಪದ್ಧತಿಯಂತೆ ಒಂದು ಕಾಫಿ, ಒಂದೇ ಒಂದು ಬಿಸ್ಕತ್ತು ಎಂದು ಯೋಜನೆ ಹಾಕಿದ್ದಳು. ನಾನು ತಲೆ ಚಚ್ಚಿಕೊಂಡೆ.

"ಮನೆ ನೋಡೋಕೆ ಬರ್ತಿದಾರೆ ಕಣೇ! ಬಿಸ್ಕತ್ತಿಗೆ ಯಾರಾದ್ರೂ ಒಪ್ಪಿಕೊಳ್ತಾರಾ?"

ತಂಗಿಗೆ ರೇಷ್ಮೆ ಸೀರೆ ಉಡಿಸಿದೆ. ಭಾವನಿಗೆ ಕ್ರಾಪು ಬಾಚಿಸಿದೆ. ಭಾವ ಅಂದರೆ ತಂಗಿಯ ಗಂಡ. ಅವನು ನನಗೆ ಭಾವ, ನಾನೂ ಅವನಿಗೆ ಭಾವ. ಉಪ್ಪಿಟ್ಟು, ಕೇಸರಿಬಾತ್, ಫಿಲ್ಟರ್ ಕಾಫಿ ಎಲ್ಲ ಸಿದ್ಧ. ತಂಗಿ ತಟ್ಟೆ ಹಿಡಿದು ಒಳಗಿನಿಂದ ತಲೆ ತಗ್ಗಿಸಿಕೊಂಡು ಬರಬೇಕು ಎಂದೂ ಹೇಳಿಕೊಟ್ಟಿದ್ದೆ. ಅವಳು ತಲೆ ತಗ್ಗಿಸಲಿಲ್ಲ, ನನ್ನನ್ನೇ ದುರುಗುಟ್ಟಿಕೊಂಡು ಬಂದಳು.

ಅಧಿಕಾರಿಣಿ ಕೇಸರಿಬಾತ್ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಕಣ್ಣು ತೆರೆದ ಮೇಲೆ ಕೇಳಿದರು: "ನಿಮ್ಮಿಬ್ಬರ ಮಧ್ಯೆ ಜಗಳ ಆಗುತ್ತದೆಯೇ?"

ಅವರಿಬ್ಬರೂ ಬಾಯಿ ತೆರೆಯುವ ಮೊದಲೇ ನಾನು, "ಛೆ ಛೆ! ಮದುವೆಯಾದಾಗಿನಿಂದ ಒಂದು ದಿನವೂ ಏರುದನಿಯಲ್ಲಿ ಮಾತಾಡಿದವರಲ್ಲ" ಅಂದೆ.

ಆಕೆಯ ಮುಖ ಸಣ್ಣಗಾಯಿತು. "ಅದು ಒಳ್ಳೆಯದಲ್ಲ. ಜಗಳವನ್ನೇ ಆಡದ ಮನೆಯಲ್ಲಿ ಮಗು ಜಗಳ ಮುಗಿಸುವುದನ್ನು ಕಲಿಯುವುದು ಹೇಗೆ?"

ನಾನು ತಕ್ಷಣ ದಾರಿ ಬದಲಿಸಿದೆ. "ಮೇಡಂ, ಸಂಕೋಚಕ್ಕೆ ಹಾಗೆ ಹೇಳಿದೆ. ದಿನಾ ಜಗಳ! ಬೀದಿಯೇ ನಿಂತು ನೋಡುತ್ತೆ!"

"ಬೀದಿ ಯಾವಾಗ ನೋಡ್ತು ಅಣ್ಣಾ?" ಅಂದಳು ತಂಗಿ.

"ನೋಡ್ತಿತ್ತು, ನೀನು ಕಿಟಕಿ ಮುಚ್ಚಿದ್ದರಿಂದ ಕಾಣಲಿಲ್ಲ ಅಷ್ಟೆ" ಅಂದ ಭಾವ.

"ಓ, ಕಿಟಕಿ ಮುಚ್ಚೋಳು ನಾನು. ಒದ್ದೆ ಟವೆಲ್ಲನ್ನ ಹಾಸಿಗೆ ಮೇಲೆ ಎಸೆಯೋರು ಯಾರು?"

ಟವೆಲ್ಲಿನಿಂದ ಶುರುವಾದದ್ದು ಡಿಶ್‌ವಾಷರಿಗೆ ಬಂತು, ಅಲ್ಲಿಂದ ಅತ್ತೆಗೆ ಹೋಯಿತು, ಅತ್ತೆಯಿಂದ ಹಿಂತಿರುಗಿ ಟವೆಲ್ಲಿಗೇ ಬಂದು, ಇಬ್ಬರೂ ಒಟ್ಟಿಗೆ ಫಕ್ಕನೆ ನಕ್ಕುಬಿಟ್ಟರು. ಅಧಿಕಾರಿಣಿಯ ಮುಖ ಅರಳಿತು. ಇನ್ನೊಂದು ಚಮಚ ಕೇಸರಿಬಾತ್ ಹಾಕಿಸಿಕೊಂಡರು.

ಹೊರಡುವಾಗ ಬಾಗಿಲಲ್ಲಿ ನಾನು ಮೆಲ್ಲಗೆ ಕೇಳಿದೆ: "ಏನು ತೀರ್ಮಾನ ಮಾಡಿದಿರಿ?"

ಆಕೆ ಕೋಟು ತೊಡುತ್ತಾ ಹೇಳಿದರು: "ಹೋಗಿ ತಿಳಿಸುತ್ತೇವೆ."

ದೇಶ ಯಾವುದಾದರೇನು, ಕೇಸರಿಬಾತ್ ತಿಂದವರು ಹೇಳುವ ಮಾತು ಒಂದೇ!

ಐದೇ ನಿಮಿಷ

ಒಪ್ಪಿಗೆ ಬಂತು. ಉತ್ತರ ಕರ್ನಾಟಕದ ಒಂದು ಊರಿನ ಮಕ್ಕಳ ಮನೆಯಲ್ಲಿ ಎರಡು ವರ್ಷ ದಾಟಿದ ಪುಟ್ಟಿ ಇವರಿಗಾಗಿ ಕಾಯುತ್ತಿದ್ದಳು. ಸೋದರಮಾವನಿಲ್ಲದೆ ಶುಭಕಾರ್ಯವೇ? ನಾನೂ ವಿಮಾನ ಹತ್ತಿದೆ. ದಾರಿಯುದ್ದಕ್ಕೂ ಭಾವನದು, "ಭಾವ, ಮಗು ನನ್ನ ಹತ್ರ ಬರದಿದ್ರೆ?" ಅಂತ ಒಂದೇ ಪ್ರಶ್ನೆ.

"ನನ್ನನ್ನು ನೋಡಿ ಕಲಿ. ಯಾವ ಮಗುವಾದ್ರೂ ಸರಿ, ಐದೇ ನಿಮಿಷ. ನಾನು ಎತ್ತಿಕೊಂಡ ಮಗು ಅತ್ತಿದ್ದು ಇತಿಹಾಸದಲ್ಲೇ ಇಲ್ಲ."

ಇತಿಹಾಸ ಅಂದೇ ಬದಲಾಯಿತು. ತಂಗಿ ಕೈಚಾಚಿದಾಗ ಪುಟ್ಟಿ ಒಂದು ಗಳಿಗೆ ನೋಡಿ, ಅವಳ ಬಳೆ ಹಿಡಿದು, ಮಡಿಲಿಗೆ ಬಂದೇಬಿಟ್ಟಳು. ಆದರೆ ನಾವಿಬ್ಬರು ಗಂಡಸರು ಹತ್ತಿರ ಹೋದೆವೋ ಇಲ್ಲವೋ, ಎಂಥ ಕಿರುಚಾಟ ಅಂತೀರಿ! ಅಡುಗೆಮನೆಯ ಕುಕ್ಕರು ಹೆದರಿ ಸೀಟಿ ಹೊಡೆಯಿತು.

ಅಲ್ಲಿನ ಆಯಾ ನಕ್ಕಳು. "ಮನಸಿಗೆ ಹಚ್ಚಿಕೋಬ್ಯಾಡ್ರೀ. ಇಲ್ಲೆಲ್ಲಾ ನಾವು ಹೆಣ್ಮಕ್ಕಳು. ಇಕಿ ಕಂಡ ಗಂಡಸು ಒಬ್ಬರಽ, ಸೂಜಿ ಮಾಡಾಕ ಬರೋ ಡಾಕ್ಟರು. ಗಂಡಸು ಅಂದ್ರ ಸೂಜಿ ಅಂತ ತಿಳ್ಕೊಂಡಾಳ್ರೀ."

ನಾನು ಭಾವನನ್ನು ಪಕ್ಕಕ್ಕೆ ಕರೆದು ನನ್ನ ತಜ್ಞ ಅಭಿಪ್ರಾಯ ಕೊಟ್ಟೆ. "ತಪ್ಪೆಲ್ಲಾ ನಿನ್ನ ಗಡ್ಡದ್ದು. ತೆಗೆದುಬಿಡು."

"ಮತ್ತೆ ನಿಮ್ಮ ಮೀಸೆ?"

"ಮೀಸೆ ಮುಖಕ್ಕೆ ಕಳೆ. ಗಡ್ಡ ಮುಖಕ್ಕೆ ಬೇಲಿ."

ಪಾಪ, ನಂಬಿದ. ಮರುದಿನ ನುಣ್ಣಗೆ ಬೋಳಿಸಿಕೊಂಡು, ಕೈಯಲ್ಲೊಂದು ಕೆಂಪು ಚೆಂಡು ಹಿಡಿದು ಬಂದ. ಗಡ್ಡ ಕಂಡು ಬರೀ ಕಿರುಚಿದ್ದ ಪುಟ್ಟಿ, ಈಗ ಕಿರುಚಿಕೊಂಡು ಓಡಿಹೋಗಿ ಮಂಚದ ಕೆಳಗೆ ಸೇರಿಕೊಂಡಳು. ಸಂಜೆ ಹೊತ್ತಿಗೆ ಹೊರಬಂದವಳು ಸೀದಾ ನನ್ನ ಹತ್ತಿರ ಬಂದು, ಮೀಸೆ ಅಂಟಿಸಿದ್ದೋ ನಿಜದ್ದೋ ಎಂದು ಎಳೆದು ನೋಡಿದಳು. ನಿಜದ್ದೆಂದು ಊರಿಗೆಲ್ಲ ಕೇಳುವಂತೆ ನಾನೇ ಕೂಗಿ ಹೇಳಿದೆ.

ಸಮುದ್ರಕ್ಕಿಂತ ಕೆಳಗೆ

ದತ್ತು ಆದೇಶಕ್ಕೆ ಸಹಿ ಹಾಕುವವರು ಜಿಲ್ಲಾಧಿಕಾರಿಗಳು. ಅವರ ಕೋಣೆಯ ಬಾಗಿಲಲ್ಲಿ ಜವಾನ ನನ್ನನ್ನು ತಡೆದ. "ನೀವ್ಯಾರ್ರೀ?"

"ಸೋದರಮಾವ!" ಅಂದೆ, ಮೀಸೆ ತಿರುವಿ.

"ಹಂಗಾರ ನೀವು ಹೊರಗ ಕುಂದರ್ರಿ."

ಇಷ್ಟು ದೂರ ಬಂದ ಗಣ್ಯವ್ಯಕ್ತಿ ನಾನು, ಬೆಂಚಿನ ಮೇಲೆ ಸುಮ್ಮನೆ ಕೂರುವುದೇ? ಜವಾನನಿಗೆ ನಮ್ಮ ದೇಶದ ವೈಭವ ಬಣ್ಣಿಸತೊಡಗಿದೆ. "ನಾವಿರೋ ಜಾಗ ಎಂಥದ್ದು ಗೊತ್ತಾ? ಸಮುದ್ರಕ್ಕಿಂತ ಕೆಳಗೆ! ನಾನು ಹಾಸಿಗೆಯಲ್ಲಿ ಮಲಗಿದ್ರೆ ಮೀನುಗಳು ನನಗಿಂತ ಮೇಲೆ ಓಡಾಡ್ತಿರ್ತವೆ. ಹಡಗು ಬಂದ್ರೆ ನಾವು ತಲೆ ಎತ್ತಿ ನೋಡಬೇಕು."

ಜವಾನನ ಕಣ್ಣು ಅಗಲವಾಯಿತು. "ನೀರು ಒಳಗ ಬರೂದಿಲ್ಲೇನ್ರೀ?"

"ಬರಬೇಡ ಅಂತ ಗೋಡೆ ಕಟ್ಟಿದೀವಿ. ಆಗಾಗ ನಾನೇ ಹೋಗಿ ನೋಡ್ಕೊಂಡು ಬರ್ತೀನಿ."

ಅವನು ಚಹಾದ ತಟ್ಟೆ ಹಿಡಿದು ಒಳಗೆ ಹೋದ. ಹೋದವನು ಸುಮ್ಮನೆ ಚಹಾ ಕೊಟ್ಟು ಬರಬೇಕೋ ಬೇಡವೋ? "ಸಾಹೇಬ್ರ, ಸಹಿ ಮಾಡಬ್ಯಾಡ್ರೀ! ಇವರು ಕೂಸಿನ್ನ ನೀರಾಗ ಇಡ್ತಾರಂತ!" ಎಂದು ಅವನು ಕೂಗಿದ್ದು ನನ್ನ ಬೆಂಚಿನವರೆಗೂ ಕೇಳಿಸಿತು.

ನನಗೆ ಒಳಗಿನಿಂದ ಕರೆ ಬಂತು. ಜಿಲ್ಲಾಧಿಕಾರಿಗಳ ಪೆನ್ನು ಗಾಳಿಯಲ್ಲಿ ನಿಂತಿತ್ತು. ಅದರ ಜೊತೆಗೆ ತಂಗಿಯ ಉಸಿರೂ ನಿಂತಿತ್ತು. ಭಾವನ ನುಣ್ಣನೆ ಮುಖ ಬಿಳಿಚಿಕೊಂಡಿತ್ತು.

"ಮನೆ ಸಮುದ್ರಕ್ಕಿಂತ ಕೆಳಗಿದೆ ಅಂದ್ರಂತೆ, ನಿಜವೇ?"

"ನಿಜ ಸರ್. ಆದರೆ ಆ ಮೀನಿನ ಭಾಗ ನನ್ನ ಸ್ವಂತದ್ದು" ಅಂದೆ. ಜೀವನದಲ್ಲಿ ಅಷ್ಟು ಸಣ್ಣ ದನಿಯಲ್ಲಿ ನಾನು ಮಾತಾಡಿದ್ದು ಅದೇ ಮೊದಲು.

ತಂಗಿ ತಡವರಿಸುತ್ತಾ ಹೇಳಿದಳು: "ಸರ್, ಸಮುದ್ರ ತಡೆಯೋಕೆ ಡೈಕು ಅಂತ ದೊಡ್ಡ ಒಡ್ಡು ಕಟ್ಟಿದಾರೆ, ಏನೂ ಅಪಾಯ ಇಲ್ಲ. ಅಲ್ಲಿ ಎಲ್ಲಾ ಮಕ್ಕಳಿಗೂ ಈಜು ಕಲಿಸ್ತಾರೆ. ಇವಳಿಗೂ ಖಂಡಿತ ಕಲಿಸ್ತೀವಿ."

ಜಿಲ್ಲಾಧಿಕಾರಿಗಳು ನಕ್ಕು ಸಹಿ ಹಾಕಿದರು. ಪೆನ್ನಿಗೆ ಮುಚ್ಚಳ ಹಾಕುತ್ತಾ ಹೇಳಿದರು: "ಮಗುವಿಗೆ ಈಜು ಕಲಿಸಿ. ಈ ಮಾವನವರನ್ನು ಮಾತ್ರ ಸ್ವಲ್ಪ ಹೊತ್ತು ನೀರೊಳಗೇ ಬಿಡಿ."

ಊಟವಾದ ಮೇಲೆ ಸೋಂಪು

ಡೀಮೆನ್ನಿಗೆ ಬಂದಿಳಿದಾಗ ಪಕ್ಕದ ಮನೆಯ ಡಚ್ ಅಜ್ಜಿ ತಂಗಿಯ ಮನೆ ಕಿಟಕಿಯ ಮುಂದೆ ಆಳೆತ್ತರದ ಮರದ ಕೊಕ್ಕರೆ ನಿಲ್ಲಿಸಿದ್ದರು. ಮಗುವನ್ನು ಕೊಕ್ಕರೆ ಹೊತ್ತು ತರುತ್ತದೆ ಎಂಬ ಕಥೆಯಂತೆ, ಮಗು ಬಂದ ಮನೆಗೆ ಇಲ್ಲಿ ಹಾಗೆಯೇ. ಮಗು ನೋಡಲು ಅಕ್ಕಪಕ್ಕದವರೆಲ್ಲ ಬಂದರು, ಒಬ್ಬೊಬ್ಬರೂ ಮೊದಲೇ ಹೇಳಿ ಸಮಯ ಕೇಳಿಕೊಂಡು.

ಈ ಜನರ ಒಂದು ಪದ್ಧತಿ ನನಗೆ ಬಹಳ ಇಷ್ಟ. ಮನೆಯಲ್ಲಿ ಶುಭವಾದರೆ ಅಪ್ಪ ಅಮ್ಮನಿಗಷ್ಟೇ ಅಲ್ಲ, ಬಳಗದವರಿಗೆಲ್ಲ ಕೈಕುಲುಕಿ "ಖೆಫೆಲಿಸಿತೇರ್ತ್", ಅಂದರೆ ಅಭಿನಂದನೆ ಅನ್ನುತ್ತಾರೆ. ನನಗೂ ಅಂದರು. ನಾನು ಪ್ರತಿಯೊಬ್ಬರಿಗೂ "ಹೌದು, ಬಹಳ ಕಷ್ಟಪಟ್ಟೆ" ಎಂದೆ. ರಾಟರ್‌ಡ್ಯಾಮಿನಿಂದ ಬಂದು ತಂಗಿಯಿಂದ ಎಲ್ಲ ಕೇಳಿ ತಿಳಿದಿದ್ದ ನಮ್ಮನೆಯವಳು ಪಕ್ಕದಿಂದ, "ನೀವು ವಿಮಾನದಲ್ಲಿ ಗೊರಕೆ ಹೊಡೆದದ್ದನ್ನೂ ಸೇರಿಸಿ ಹೇಳಿ" ಅಂದಳು.

ಮೇಜಿನ ಮೇಲೆ ಅಜ್ಜಿ ಒಂದು ಬಟ್ಟಲು ಇಟ್ಟಿದ್ದರು. ನೋಡಿದರೆ ಗುಲಾಬಿ, ಬಿಳಿ ಸಕ್ಕರೆ ಲೇಪಿಸಿದ ಸೋಂಪು! ನಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆ ಪಕ್ಕ ಇರುತ್ತದಲ್ಲ, ಅದೇ. ತಂಗಿ ಮನೆಯ ಬಿಸಿಬೇಳೆಬಾತ್ ಆಗಷ್ಟೇ ಮುಗಿಸಿದ್ದೆ. ಅಂಗೈ ತುಂಬ ಸುರುವಿಕೊಂಡು, ತಲೆ ಎತ್ತಿ ಬಾಯಿಗೆ ಎಸೆದುಕೊಂಡೆ. ಬಂದವರೆಲ್ಲ ಕೈಯಲ್ಲಿನ ರಸ್ಕನ್ನೂ ನನ್ನನ್ನೂ ನೋಡಿದರು. ಹುಟ್ಟಿದ ಮಗುವಿನ ಹೆಸರಿನಲ್ಲಿ ರಸ್ಕಿಗೆ ಬೆಣ್ಣೆ ಹಚ್ಚಿ, ಮೇಲೆ ಆ ಸೋಂಪನ್ನು ಭಕ್ತಿಯಿಂದ ಉದುರಿಸಿ ತಿನ್ನುವುದಂತೆ ಕ್ರಮ. ಇಡೀ ಬೀದಿಗೆ ತಂದಿದ್ದ ಸೋಂಪಿನಲ್ಲಿ ಅರ್ಧ ನನ್ನ ಬಾಯಲ್ಲಿತ್ತು.

"ನಮ್ಮಲ್ಲಿ ಹೀಗೇ" ಅಂದೆ, ಬಾಯಿ ತುಂಬಿಕೊಂಡೇ. "ಜೀರ್ಣಕ್ಕೆ ಒಳ್ಳೇದು."

ಅಜ್ಜಿ ಗಂಭೀರವಾಗಿ ಯೋಚಿಸಿ, ತಾವೂ ಅಂಗೈಗೆ ಸುರಿದುಕೊಂಡು ಎಸೆದುಕೊಂಡರು. ಈಗ ಅವರ ಮನೆಯಲ್ಲಿ ಯಾರೂ ಹುಟ್ಟದಿದ್ದರೂ ಊಟವಾದ ಮೇಲೆ ಆ ಬಟ್ಟಲು ಬರುತ್ತದೆ.

ಮೀಸೆ ಮಾಮ

ಎಲ್ಲಾ ಸರಿ. ಆದರೆ ಪುಟ್ಟಿ ಭಾವನ ಹತ್ತಿರ ಮಾತ್ರ ಹೋಗಲಿಲ್ಲ. ನಾನು ವಾರದ ಕೊನೆಗೆ ರಾಟರ್‌ಡ್ಯಾಮಿನಿಂದ ಬಂದರೆ "ಮೀಸಿ ಮಾಮಾ!" ಎಂದು ಓಡಿ ಬಂದು ಮೀಸೆಗೆ ಜೋತುಬೀಳುತ್ತಿದ್ದಳು. ಅವನು ಕೆಂಪು ಚೆಂಡು ಹಿಡಿದು ಕೋಣೆಯ ಆ ತುದಿಯಲ್ಲಿ ಕೂತಿರುತ್ತಿದ್ದ. ಚೆಂಡು ಉರುಳಿಸುತ್ತಿದ್ದ, ಅವಳು ಚೆಂಡು ತೆಗೆದುಕೊಂಡು ತಂಗಿಯ ಹಿಂದೆ ಅಡಗುತ್ತಿದ್ದಳು. ಶೇವ್ ಮಾಡಿಕೊಳ್ಳುವ ಉತ್ಸಾಹವೂ ಇಲ್ಲದೆ ಅವನ ಗಡ್ಡ ಮತ್ತೆ ಮೊದಲಿನಂತೆ ಬೆಳೆಯಿತು.

ಕೊನೆಯ ಕೆಲಸ ಗೆಮೆಂಟೆಯದು. ಗೆಮೆಂಟೆ ಅಂದರೆ ಇಲ್ಲಿನ ಪುರಸಭೆ. ಅಲ್ಲಿ ಪುಟ್ಟಿಯ ಹೆಸರು ಅಪ್ಪ ಅಮ್ಮನ ಹೆಸರಿನ ಜೊತೆ ಸೇರಿದರೆ ಎಲ್ಲಾ ಮುಗಿದಂತೆ. ಹಿಂದಿನ ದಿನ ಭಾವ ಫೋನ್ ಮಾಡಿದ. "ಭಾವ, ನಾಳೆ ಅಪ್ಪ ಯಾರು ಅಂತ ಕೇಳ್ತಾರೆ. ನಾನು ಅಂತೀನಿ. ಆಗ ಅವಳು ನನ್ನ ನೋಡಿ ಅತ್ರೆ?" ನಗುತ್ತಲೇ ಹೇಳಿದ. ಆ ನಗು ನನಗೆ ಹಿಡಿಸಲಿಲ್ಲ.

ಫೋನಿಟ್ಟು ಕನ್ನಡಿ ಮುಂದೆ ನಿಂತೆ. ಈ ಮೀಸೆ ಇರುವ ತನಕ ಆ ಮಗು ಬೇರೆ ಗಂಡಸಿನ ಹತ್ತಿರ ಏಕೆ ಹೋದೀತು? ನನ್ನಂಥ ವೀರನಿಗೇ ಬರುವ ಯೋಚನೆ ನೋಡಿ! ಬೆಳಿಗ್ಗೆ ರೇಜರ್ ಎತ್ತಿಕೊಂಡೆ. ನಮ್ಮನೆಯವಳು ಬಚ್ಚಲಿನ ಬಾಗಿಲಲ್ಲಿ ನನ್ನನ್ನು ನೋಡಿ, "ಯಾರು ಬೇಕಿತ್ತು?" ಅಂದಳು.

ಗೆಮೆಂಟೆಯಲ್ಲಿ ಅವರು ಮೂವರೂ ಆಗಲೇ ಅಧಿಕಾರಿಯ ಮೇಜಿನ ಮುಂದೆ ನಿಂತಿದ್ದರು. ಪುಟ್ಟಿ ತಂಗಿಯ ಸೆರಗು ಹಿಡಿದಿದ್ದಳು, ಭಾವ ನಾಲ್ಕು ಹೆಜ್ಜೆ ಆಚೆ. ಮೇಜಿನ ಆಕೆ ನಗುತ್ತಾ "ಅಪ್ಪ ಯಾರು?" ಎಂದು ಕೇಳಿದರು. ಭಾವ ಗಂಟಲು ಸರಿಮಾಡಿಕೊಂಡ. ಸರಿಯಾಗಿ ಅದೇ ಹೊತ್ತಿಗೆ ನಾನು ಬಾಗಿಲು ತಳ್ಳಿಕೊಂಡು ಒಳಗೆ ಬಂದು, ಎರಡೂ ಕೈ ಚಾಚಿ, "ಪುಟ್ಟೀ!" ಅಂದೆ.

ಪುಟ್ಟಿ ತಿರುಗಿದಳು. ನನ್ನ ನುಣ್ಣನೆ ಮುಖ ನೋಡಿದಳು. ತನ್ನ ತೋಳು ಮುಟ್ಟಿಕೊಂಡಳು.

"ಸೂಜೀ!"

ಆ ಕೂಗಿಗೆ ಗೆಮೆಂಟೆಯ ಟೋಕನ್ ಯಂತ್ರ ತಾನಾಗಿಯೇ ಮೂರು ಚೀಟಿ ಕಕ್ಕಿತು. ನಾನು ಬರುತ್ತಿದ್ದ ಕಡೆ ತಂಗಿ ಇದ್ದಳು. ಪುಟ್ಟಿ ಸೆರಗು ಬಿಟ್ಟು, ನನ್ನಿಂದ ದೂರ, ಆಚೆ ಕಡೆ ಓಡಿ ಭಾವನ ಕಾಲು ತಬ್ಬಿ, ಪ್ಯಾಂಟು ಹಿಡಿದು ಹತ್ತಿ, ಹೆಗಲೇರಿ, ಆ ಗಡ್ಡದೊಳಗೆ ಮುಖ ಹುದುಗಿಸಿದಳು. "ಅಪ್ಪಾ, ಸೂಜಿ ಬ್ಯಾಡಾ!"

ಆಗ ಎಲ್ಲರಿಗೂ ಹೊಳೆಯಿತು. ಸೂಜಿ ಚುಚ್ಚುತ್ತಿದ್ದ ಆ ಡಾಕ್ಟರು ನುಣ್ಣನೆ ಮುಖದವರು! ನನ್ನ ಸಲಹೆ ಕೇಳಿ ಗಡ್ಡ ತೆಗೆದ ದಿನವೇ ಭಾವನೂ ಡಾಕ್ಟರಾಗಿಬಿಟ್ಟಿದ್ದ. ತಂಗಿ ನನ್ನ ಕಡೆ ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ.

ಭಾವ ಮಾತ್ರ ಏನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಮಗುವಿನ ಬೆನ್ನ ಮೇಲೆ ಕೈಯಿಟ್ಟು, ಕದಲಿದರೆ ಎಲ್ಲಿ ಇಳಿದುಹೋಗುತ್ತಾಳೋ ಎಂದು ಕಂಬದಂತೆ ನಿಂತಿದ್ದ. "ಬೇಡ ಕಂದಾ, ಸೂಜಿ ಬೇಡ, ಅಪ್ಪ ಬಿಡಲ್ಲ" ಅನ್ನುತ್ತಿದ್ದ. ಮೇಜಿನ ಆಕೆ ಎರಡನೇ ಸಲ ಕೇಳಲೇ ಇಲ್ಲ. ಸೀದಾ ಬರೆದುಕೊಂಡು, ಎದ್ದು ಬಂದು ಎಲ್ಲರ ಕೈಕುಲುಕಿದರು. ಖೆಫೆಲಿಸಿತೇರ್ತ್, ಖೆಫೆಲಿಸಿತೇರ್ತ್. ನನಗೆ ಹೇಳುವಾಗ ಮಾತ್ರ ಮಗುವಿಗೆ ಕಾಣದಂತೆ ಅಡ್ಡ ನಿಂತು ಹೇಳಿದರು.

ಹೊರಗೆ ಬಂದ ಮೇಲೆ ಪುಟ್ಟಿ ಹೆಗಲ ಮೇಲಿಂದಲೇ ಅತ್ತಿತ್ತ ನೋಡಿ ಕೇಳಿದಳು: "ಮೀಸಿ ಮಾಮಾ ಎಲ್ಲಿ?"

ಏನು ಮಾಡುವುದು? ತಂಗಿ ಬ್ಯಾಗಿನಿಂದ ಪುಟ್ಟಿಯ ಕಾಡಿಗೆ ಡಬ್ಬಿ ತೆಗೆದು, ಕಂಬದ ಹಿಂದೆ ನನ್ನನ್ನು ನಿಲ್ಲಿಸಿ ದಪ್ಪಗೆ ಮೀಸೆ ಬರೆದಳು. ಪುಟ್ಟಿ ಅನುಮಾನದಿಂದಲೇ ಬೆರಳಲ್ಲಿ ಮುಟ್ಟಿ, ಒಪ್ಪಿಕೊಂಡು, ಕರಿ ಬೆರಳನ್ನು ಅಪ್ಪನ ಗಡ್ಡಕ್ಕೆ ಒರೆಸಿದಳು. ಕೆಳಗೆ ಮಾತ್ರ ಇಳಿಯಲಿಲ್ಲ.

ಅದೇ ಮೀಸೆಯಲ್ಲಿ ರಾಟರ್‌ಡ್ಯಾಮ್ ಟ್ರೇನಿನಲ್ಲಿ ರಾಜನಂತೆ ಕೂತೆ. ಎದುರಿಗೆ ಕೂತ ಡಚ್ ಹೆಂಗಸು ಬಹಳ ಹೊತ್ತು ನನ್ನನ್ನೇ ನೋಡಿದರು. ಕೊನೆಗೆ ನಾನೇ ಹೇಳಿದೆ: "ನನ್ನ ತಂಗಿಯ ಮಗಳು ಇವತ್ತು ಅಪ್ಪನ ಹೆಗಲೇರಿದಳು. ಎಲ್ಲಾ ನನ್ನದೇ ಯೋಜನೆ."

ಆಕೆ "ಖೆಫೆಲಿಸಿತೇರ್ತ್" ಎಂದು ಒಂದು ಕೈಯಿಂದ ಕೈಕುಲುಕಿ, ಇನ್ನೊಂದು ಕೈಯಿಂದ ಒಂದು ಟಿಶ್ಯೂ ಕೊಟ್ಟರು. ಕಿಟಕಿಯ ಗಾಜಿನಲ್ಲಿ ನೋಡಿಕೊಂಡೆ. ಕಣ್ಣಿನಿಂದ ಇಳಿದ ನೀರಿಗೆ ಮೀಸೆ ಕರಗಿ ಗದ್ದದವರೆಗೂ ಇಳಿದಿತ್ತು.

"ಬಿಸಿಲು ಜಾಸ್ತಿ ನೋಡಿ" ಅಂದೆ.

ಹೊರಗೆ ಧಾರಾಕಾರ ಮಳೆ.