ಎರಡು ರಕ್ತಪರೀಕ್ಷೆಗಳ ನಡುವಿನ ಬೆಂಗಳೂರು

ಮಾನ್ಯ ಓದುಗರಲ್ಲಿ ಸವಿನಯ ವಿನಂತಿ. ಈ ಬರಹದಲ್ಲಿ ಕಾಗುಣಿತದ ತಪ್ಪುಗಳು ನುಸುಳಿರುವ ಸಂಭವವಿದೆ. ಅಕ್ಷರವೂ ಅಷ್ಟೇನೂ ದುಂಡಗಿಲ್ಲ. ಇಷ್ಟು ವರ್ಷ ಕಚೇರಿಯ ಪತ್ರಗಳನ್ನಷ್ಟೇ ಬರೆದ ಕೈಯಿದು; ಮನೆಯವರ ವಿಷಯವನ್ನು ಬರೆಯಲು ಹೊರಟಿರುವುದು ಇದೇ ಮೊದಲು. ಆದಕಾರಣ ಆರಂಭದಲ್ಲಿಯೇ ಕ್ಷಮೆ ಕೋರಿ ಮುಂದುವರಿಯುತ್ತೇನೆ.

ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನನ್ನ ತಾಯಿಯ ಅಣ್ಣ, ಅಂದರೆ ನನ್ನ ಸೋದರಮಾವನವರು, ಬೆಂಗಳೂರನ್ನು ತೋರಿಸುವವರಲ್ಲೆಲ್ಲ ಅತ್ಯಂತ ಅಪಾಯಕಾರಿ ವ್ಯಕ್ತಿ. ಅವರ ಜೊತೆ ಲಾಲ್‌ಬಾಗ್ ನೋಡಿದವರಲ್ಲಿ ಆರೋಗ್ಯವಂತರು ಒಬ್ಬರೂ ಇಲ್ಲ. ಇದನ್ನು ಆರೋಪವೆಂದು ಭಾವಿಸಬಾರದು. ಆರೋಗ್ಯವಂತರಿಗೆ ಅವರು ಊರು ತೋರಿಸುವುದೇ ಇಲ್ಲ.

ಸ್ವಲ್ಪ ವಿವರಿಸಬೇಕಾಗಿದೆ. ಮಾವನವರು ಜಯನಗರದ ಹೈಸ್ಕೂಲೊಂದರಲ್ಲಿ ಸಮಾಜ ವಿಷಯದ ಮೇಷ್ಟರಾಗಿದ್ದು ನಿವೃತ್ತರಾದವರು. ಮದುವೆಯಾಗಲಿಲ್ಲ. ಮನೆಯಿರುವುದು ತಿಲಕನಗರದ ಪಕ್ಕದಲ್ಲಿ. ಆ ಮನೆಯ ದುರದೃಷ್ಟವೋ ಅದೃಷ್ಟವೋ, ಅದರ ಸುತ್ತಮುತ್ತ ಹೃದಯಕ್ಕೊಂದು, ಮೂಳೆಗೊಂದು, ಕಣ್ಣಿಗೊಂದು ಎಂಬಂತೆ ಆಸ್ಪತ್ರೆಗಳು. ತಿಪಟೂರು, ಅರಸೀಕೆರೆಗಳ ನಮ್ಮ ನೆಂಟರಿಷ್ಟರಲ್ಲಿ ಯಾರಿಗೆ ಏನೇ ಆದರೂ ಅಲ್ಲಿಯ ಡಾಕ್ಟರು ‘ಬೆಂಗಳೂರಿಗೆ ಹೋಗಿ’ ಎನ್ನುತ್ತಾರೆ. ಹಾಗೆಂದರೆ ಅರ್ಥ, ನಮ್ಮ ಮಾವನ ಮನೆಗೆ ಹೋಗಿ ಎಂದು.

ಹೀಗೆ ಬಂದವರ ಬಗ್ಗೆ ಮಾವನವರದೊಂದು ಅಚಲವಾದ ಸಿದ್ಧಾಂತವಿದೆ. “ಪಾಪ, ಅಷ್ಟು ದೂರದಿಂದ ಬಂದು ಬರೀ ಆಸ್ಪತ್ರೆ ನೋಡ್ಕೊಂಡು ಹೋದ್ರೆ, ಬೆಂಗಳೂರಿಗೆ ಬಂದಂಗಾಯ್ತಾ?” ಎನ್ನುತ್ತಾರೆ. ಆದರೆ ರೋಗಿಗೆ ಬಿಡುವೆಲ್ಲಿದೆ? ಇದೆ. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ತೆಗೆಯುತ್ತಾರಷ್ಟೆ. ಆಮೇಲೆ ತಿಂಡಿ ತಿಂದು ಎರಡು ಗಂಟೆ ಕಾದು ಮತ್ತೊಮ್ಮೆ ಕೊಡಬೇಕು. ಜಗತ್ತಿನ ಸಕಲ ಜನರೂ ಆ ಎರಡು ಗಂಟೆಯನ್ನು ಲ್ಯಾಬಿನ ಕುರ್ಚಿಯಲ್ಲಿ ತೂಕಡಿಸಿ ಕಳೆಯುತ್ತಾರೆ. ನಮ್ಮ ಮಾವನವರು ಅದರಲ್ಲಿ ಇಡ್ಲಿ ತಿನ್ನಿಸಿ, ಆಟೋ ಹತ್ತಿಸಿ, ಲಾಲ್‌ಬಾಗಿನ ಬಂಡೆ ಹತ್ತಿಸಿ, ಗಾಜಿನ ಮನೆಯ ಮುಂದೆ ಫೋಟೋ ತೆಗೆದು, ಎರಡನೆಯ ರಕ್ತಕ್ಕೆ ಸರಿಯಾಗಿ ತಂದು ಕೂರಿಸುತ್ತಾರೆ. ಲ್ಯಾಬಿನ ಹುಡುಗಿ ಒಮ್ಮೆ ನನ್ನಲ್ಲಿ ಕೇಳಿದಳು: “ನಿಮ್ಮ ಕಡೆಯವರಿಗೆಲ್ಲಾ ತಿಂಡಿ ಆದ್ಮೇಲೇ ಶುಗರ್ ಕಮ್ಮಿ ಬರುತ್ತಲ್ಲ ಮೇಡಂ, ಏನು ತಿಂತಾರೆ?” ಬಂಡೆ ಹತ್ತುತ್ತಾರೆ ಎಂದು ಹೇಗೆ ಹೇಳುವುದು?

ಹೆಂಗಸರು ಬಂದಾಗ ಜೊತೆಗಿರಲೆಂದು ಕೋಣನಕುಂಟೆಯ ನನ್ನ ಮನೆಯಿಂದ ನನ್ನನ್ನು ಕರೆಸುತ್ತಿದ್ದರು. ಕ್ರಮೇಣ ಗಂಡಸರು ಬಂದಾಗಲೂ ಕರೆಸತೊಡಗಿದರು. ಆದ್ದರಿಂದ ಈ ಕೆಳಕಂಡ ಘಟನೆಗಳನ್ನು ನಾನು ಖುದ್ದಾಗಿ ಕಂಡಿರುತ್ತೇನೆ.

ಮೂತ್ರಪಿಂಡದಲ್ಲಿ ಕಲ್ಲಾಗಿ ಬಂದ ನೆಂಟರೊಬ್ಬರನ್ನು ಮಾವನವರು ಕಬ್ಬನ್ ಪಾರ್ಕಿನ ಪಕ್ಕದ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರು. ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ನಡೆಸುವಂತೆಯೇ ಅವರ ನಡೆ: ತಾವು ಮುಂದೆ, ರೋಗಿ ನಡುವೆ, ನಾನು ಹಿಂದೆ. ಶಿಲಾಯುಗದ ಆಯುಧಗಳ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ದೀರ್ಘವಾದ ಪಾಠವಾಯಿತು. ನೆಂಟರು ಸೊಂಟ ಹಿಡಿದುಕೊಂಡು ಬಗ್ಗಿ ನೋಡಿ, “ಇಷ್ಟೇನಾ ಮೇಷ್ಟ್ರೇ? ನನ್ನದು ಇದಕ್ಕಿಂತ ದೊಡ್ಡದಿದೆ,” ಎಂದರು.

ಹೊರಗೆ ಬಂದು ಫೋಟೋ ತೆಗೆದು ಅವರ ಮನೆಗೆ ಕಳುಹಿಸಿದ್ದಾಯಿತು. ಐದು ನಿಮಿಷದಲ್ಲಿ ಅವರ ಹೆಂಡತಿಯ ಫೋನು.

“ಏನಣ್ಣ ಇದು? ನಾನಿಲ್ಲಿ ತುಪ್ಪದ ದೀಪ ಹಚ್ಚಿಟ್ಟು ಉಪವಾಸ ಕೂತಿದೀನಿ. ಇವರು ಅಲ್ಲಿ ನಗ್ತಾ ನಿಂತಿದಾರೆ?”

“ಅದು ನಗು ಅಲ್ಲಮ್ಮ,” ಎಂದರು ಮಾವ. “ನೋವಿಗೆ ಹಲ್ಲು ಕಚ್ಚಿರೋದು. ನೀನು ಉಪವಾಸ ಮುಂದುವರಿಸು.”

ಕಣ್ಣಿನ ಪೊರೆ ತೆಗೆಸಿಕೊಂಡ ಇನ್ನೊಬ್ಬರನ್ನು ತಾರಾಲಯಕ್ಕೆ ಕರೆದೊಯ್ದದ್ದು ಇನ್ನೂ ಘೋರ. ಕಪ್ಪು ಕನ್ನಡಕ ತೆಗೆಯಕೂಡದೆಂದು ಡಾಕ್ಟರ ಅಪ್ಪಣೆ. ಆ ಪುಣ್ಯಾತ್ಮರು ಕಪ್ಪು ಕನ್ನಡಕದಲ್ಲಿ, ಕತ್ತಲ ಕೋಣೆಯಲ್ಲಿ, ತಲೆ ಮೇಲೆತ್ತಿ ಇಡೀ ಬ್ರಹ್ಮಾಂಡ ಮುಗಿಯುವವರೆಗೂ ಕುಳಿತಿದ್ದರು. ವಾಪಸು ಬರುವಾಗ ಆಟೋದಲ್ಲಿ ಮಾವನವರು ರೂಢಿಯಂತೆ ಪ್ರಶ್ನೆ ಕೇಳಿದರು: “ಏನೇನು ನೋಡಿದ್ರಿ, ಹೇಳಿ ನೋಡೋಣ.” ಅವರು ಬಹಳ ಯೋಚಿಸಿ ಹೇಳಿದರು: “ಸೀಟು ಚೆನ್ನಾಗಿತ್ತು ಸಾರ್.”

ಈ ಕೀರ್ತಿ ಊರುಗಳಲ್ಲಿ ಹಬ್ಬಿ, ಏನೂ ಆಗದವರೂ ಎದೆನೋವೆಂದು ಬರತೊಡಗಿದರು. ಅಂಥ ಒಬ್ಬ ತರುಣ ಬಸ್ಸಿಳಿದವನೇ, “ಬನ್ನೇರುಘಟ್ಟ ಸಫಾರಿ ಯಾವತ್ತು?” ಎಂದು ಕೇಳಿದ. ಮಾವನವರು ಅವನನ್ನು ನೇರ ಹೃದಯದ ಆಸ್ಪತ್ರೆಗೆ ಕರೆದೊಯ್ದು ಇರುವ ಪರೀಕ್ಷೆಗಳನ್ನೆಲ್ಲ ಮಾಡಿಸಿದರು. ಹೃದಯ ಚೆನ್ನಾಗಿತ್ತು, ಸಕ್ಕರೆ ಸಿಕ್ಕಿತು. ಹುಲಿಯನ್ನು ನೋಡದೆ, ಮಾತ್ರೆ ನುಂಗುತ್ತ ಊರಿಗೆ ಹೋದ.

ಇಷ್ಟನ್ನು ಓದಿ ತಾವು ನಕ್ಕಿದ್ದರೆ ಸಂತೋಷ. ಆದರೆ ಇನ್ನೊಂದು ಸಂಗತಿಯನ್ನು ಮರೆಮಾಚುವಂತಿಲ್ಲ. ಬೆಂಗಳೂರಿಗೆ ಬಂದವರೆಲ್ಲರೂ ವಾಸಿಯಾಗುವುದಿಲ್ಲ. ನಮ್ಮ ಬಂಧುಗಳ ಎಷ್ಟೋ ಮನೆಗಳ ನಡುಮನೆಯಲ್ಲಿ ಹಾರ ಹಾಕಿದ ಫೋಟೋಗಳಿವೆ. ಹಳ್ಳಿಯ ಜನ ಒಬ್ಬರೇ ನಿಂತು ಫೋಟೋ ತೆಗೆಸಿಕೊಂಡಿರುವುದು ಅಪರೂಪ. ಹೀಗಾಗಿ ಕೊನೆಗೆ ಸಿಗುವುದು ಮಾವನವರು ತೆಗೆದದ್ದೇ. ಗಂಧದ ಹಾರದ ಹಿಂದೆ ಮುಖ, ಮುಖದ ಹಿಂದೆ ಗಾಜಿನ ಮನೆ. ತಿಥಿಯ ಊಟಕ್ಕೆಂದು ಹೋದಾಗ ಮಾವನವರು ಆ ಗೋಡೆಗೆ ಬೆನ್ನು ಮಾಡಿ ಕೂರುತ್ತಾರೆ. ಪಾಯಸ ಬಡಿಸಿದರೂ ತಿರುಗುವುದಿಲ್ಲ.

ಹೋದ ವರ್ಷ ನನ್ನ ತಾಯಿಯೇ ತಿಪಟೂರಿನಿಂದ ಬಂದಳು. ಎದೆಯಲ್ಲೊಂದು ಗಂಟು. ಕಾಯಿಲೆ ಯಾವುದೆಂದು ತಿಳಿದ ದಿನ ಡಾಕ್ಟರು, “ಈಗಲೇ ಡ್ರಿಪ್ಪಿನಲ್ಲಿ ಔಷಧಿ ಶುರು ಮಾಡಬೇಕು, ತಡ ಮಾಡಿದರೆ ನಮ್ಮ ಕೈಯಲ್ಲಿರುವುದಿಲ್ಲ,” ಎಂದರು. ಅಮ್ಮ ಬೇಡವೆಂದಳು. ಅದೇ ಔಷಧಿ ಹಾಕಿಸಿಕೊಂಡು ತಿಪಟೂರಿನ ನಮ್ಮ ಬೀದಿಯ ಒಬ್ಬಾಕೆ ಸೊರಗಿಹೋದದ್ದನ್ನು ಅವಳು ನೋಡಿದ್ದಳು. “ಸಾಯೋದಾದ್ರೆ ನಮ್ಮ ಮನೇಲಿ ಸಾಯ್ತೀನಿ. ಬಸ್ಸು ಹತ್ತಿಸಿ,” ಎಂದು ಚೀಲ ಕಟ್ಟಿ ಕುಳಿತಳು. ನಾನು ಅತ್ತು ಬೇಡಿಕೊಂಡೆ. ಎಂಥೆಂಥ ಹಟಮಾರಿಗಳನ್ನೂ ಬಂಡೆ ಹತ್ತಿಸಿದ ಮಾವನವರು ಮಾತ್ರ ಬಾಯಿ ತೆರೆಯಲಿಲ್ಲ.

ಸಾಯಂಕಾಲ ಅಮ್ಮನೇ ಕೇಳಿದಳು: “ಅಣ್ಣ, ಊರಿನೋರಿಗೆಲ್ಲಾ ಬೆಂಗಳೂರು ತೋರಿಸ್ತೀಯ. ನನ್ನನ್ನ ಲ್ಯಾಬಿನಲ್ಲೇ ಕೂರಿಸಿಬಿಟ್ಟೆಯಲ್ಲ, ಯಾಕೆ?”

“ಏನಿದೆ ಈ ಊರಲ್ಲಿ ನೋಡೋಕೆ? ಬರೀ ಧೂಳು, ಟ್ರಾಫಿಕ್ಕು.”

“ನಂಗೂ ಲಾಲ್‌ಬಾಗ್ ತೋರಿಸು.”

“ವಾಸಿಯಾಗ್ಲಿ ಪುಟ್ಟಿ, ಆಮೇಲೆ ತೋರಿಸ್ತೀನಿ.”

“ಆಮೇಲೆ ಅಂದ್ರೆ ಯಾವಾಗಣ್ಣ?”

ಮಾವನವರು ಎದ್ದು ಕಾಫಿ ಮಾಡಲು ಹೋದರು. ಬಹಳ ಹೊತ್ತಾದರೂ ಕಾಫಿ ಬರಲಿಲ್ಲ. ನಾನು ಹೋಗಿ ನೋಡಿದರೆ, ಒಲೆಯನ್ನೇ ಹಚ್ಚಿರಲಿಲ್ಲ.

ಮರುದಿನ ಬೆಳಿಗ್ಗೆ ಮೂವರೂ ಹೋದೆವು. ಓದುಗರು ನಂಬುವುದಾದರೆ ನಂಬಬೇಕು, ಮಾವನವರು ಅಲ್ಲಿ ಒಂದು ಮರದ ಹೆಸರನ್ನೂ ಹೇಳಲಿಲ್ಲ. ಬಂಡೆಯ ಕಡೆ ತಿರುಗಲಿಲ್ಲ. ಫೋನು ಜೇಬಿನಲ್ಲೇ ಇತ್ತು. ಅಮ್ಮ ಗಾಜಿನ ಮನೆಯ ಮುಂದೆ ನಿಂತು, “ಇದೇನು?” ಎಂದಳು. “ಗಾಜಿನ ಮನೆ,” ಎಂದರು. ಕೆರೆಯ ಬಳಿ ನಿಂತು, “ಇದು?” ಎಂದಳು. “ಕೆರೆ.” ಅಷ್ಟೇ. ಹಕ್ಕಿಯೊಂದು ಮುಳುಗಿ ಮೀನು ಹಿಡಿಯಿತು. ಅದರ ಬಗ್ಗೆಯೂ ಪಾಠವಿಲ್ಲ. ಕಲ್ಲುಬೆಂಚಿನ ಮೇಲೆ ಅಣ್ಣತಂಗಿಯರು ಪಕ್ಕಪಕ್ಕ ಕುಳಿತರು. ಅಮ್ಮ ಒಮ್ಮೆ ಅಣ್ಣನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

ವಾಪಸು ಬರುವಾಗ ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಆಟೋ ನಿಂತಿತ್ತು. ಅಮ್ಮ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು: “ನಂಗಿಂತ ಇವನಿಗೇ ಜಾಸ್ತಿ ಹೆದರಿಕೆ ಕಣೇ. ಆಯ್ತು, ಆ ಔಷಧಿ ಹಾಕಿಸ್ಕೊಳ್ತೀನಿ. ನಾನು ಹಂಗೇ ಹೋಗಿಬಿಟ್ರೆ ಇವನು ಮಾತಾಡೋದೇ ಬಿಟ್ಟುಬಿಡ್ತಾನೆ.”

ಮಾವನವರಿಗೆ ಕೇಳಿಸಿತೋ ಇಲ್ಲವೋ, ಡ್ರೈವರನಿಗೆ, “ಅಣ್ಣ, ಮನೆಗೆ ಬೇಡ, ನೇರ ಆಸ್ಪತ್ರೆಗೆ ಬಿಡಿ,” ಎಂದರು.

ಔಷಧಿ ಶುರುವಾಯಿತು. ಮೊದಲನೆಯ ಸಲ ಏನೂ ಆಗಲಿಲ್ಲ. ಎರಡನೆಯ ಸಲ ಆಸ್ಪತ್ರೆಗೆ ಸೇರಿಸಿದ್ದಾಗ ನಾನು ಕಚೇರಿ ಮುಗಿಸಿಕೊಂಡು ವಾರ್ಡಿಗೆ ಹೋದೆ. ನಾಲ್ಕನೆಯ ಮಹಡಿಯ ಕಿಟಕಿ ಪಕ್ಕದ ಹಾಸಿಗೆ. ಒಳಗಿನಿಂದ ಮಾವನವರ ಹಳೆಯ ಪಾಠದ ದನಿ ಕೇಳಿಸಿತು. ಬಾಗಿಲಲ್ಲೇ ನಿಂತೆ.

“ಅಲ್ಲಿ ನೋಡು ಪುಟ್ಟಿ, ಮೆಟ್ರೋ ಹೋಗ್ತಿದೆ. ಅದರ ಆಚೆ ನೀಲಿ ಟ್ಯಾಂಕು ಕಾಣ್ತಾ? ಅದೇ ಬಿಟಿಎಂ ಬಡಾವಣೆ. ಈ ಕಡೆ ತೆಂಗಿನ ಮರ ಇದೆಯಲ್ಲ, ಅದರಾಚೆ ಮಡಿವಾಳದ ಕೆರೆ. ಇಲ್ಲಿಗೆ ಕಾಣಲ್ಲ, ಆದ್ರೆ ಇದೆ. ಆ ಮಹಡಿ ಮೇಲೆ ಯಾರೋ ಹಪ್ಪಳ ಒಣಗಿಸಿದಾರೆ, ನೋಡು ನೋಡು.”

ಅವರ ಬಲಗೈ ಕಿಟಕಿಯ ಹೊರಗೆ ತೋರಿಸುತ್ತಿತ್ತು. ಎಡಗೈ ಅಮ್ಮನ ದಿಂಬಿನ ಮೇಲೆ ಉದುರಿದ್ದ ಕೂದಲನ್ನು ಸದ್ದಿಲ್ಲದೆ ಆಯ್ದು ಆಯ್ದು, ತಮ್ಮ ಜುಬ್ಬದ ಜೇಬಿಗೆ ತುಂಬಿಕೊಳ್ಳುತ್ತಿತ್ತು.

ಅಮ್ಮ ಕಿಟಕಿಯತ್ತಲೇ ನೋಡುತ್ತಿದ್ದಳು. ಮೆಟ್ರೋ ಹೋಗಿ ಬಹಳ ಹೊತ್ತಾಗಿತ್ತು. ದಿಂಬಿನ ಮೇಲೆ ಅವರ ಕೈ ಇನ್ನೂ ಆಡುತ್ತಿರುವುದು ತಿಳಿದು, ಅದು ಪೂರ್ತಿ ಸ್ವಚ್ಛವಾಗುವವರೆಗೆ ಹೊತ್ತು ಸಿಗಲೆಂದೇ ಇರಬೇಕು, ತಿರುಗದೆಯೇ ಕೇಳಿದಳು: “ಅದರ ಪಕ್ಕದ್ದು ಏನಣ್ಣ?”

ಇಲ್ಲಿಗೆ ಮುಗಿಸುತ್ತಿದ್ದೇನೆ. ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಾವೇ ತಿದ್ದಿಕೊಂಡು ಓದಬೇಕಾಗಿ ಕೋರುತ್ತೇನೆ. ಈ ಕೊನೆಯ ಭಾಗವನ್ನು ಮತ್ತೊಮ್ಮೆ ಓದಿ ನೋಡಲು ನನ್ನಿಂದ ಆಗಿರುವುದಿಲ್ಲ.